ದೇವರು, ನಾಲೆ ಮತ್ತು ಕೆಲವು ಪುಸ್ತಕಗಳು

ನಾನು ದೇವರನ್ನು ನಂಬುವವನು. ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ನಮ್ಮ ಮನೆದೇವರು. ವೈರಮುಡಿ ಉತ್ಸವಕ್ಕೆ ಹೋಗುವುದನ್ನು ನಮ್ಮ ಮನೆಯಲ್ಲಿ ಯಾರೂ ತಪ್ಪಿಸುವುದಿಲ್ಲ. ಆದರೂ ನನ್ನ ಭಕ್ತಿಯನ್ನು ತಿದ್ದಿದ ಪುಸ್ತಕ ಯಾವುದೆಂದು ಯಾರಾದರೂ ಕೇಳಿದರೆ, ದೇವರಿದ್ದಾನೆಂಬ ಮಾತನ್ನು ಒಪ್ಪದೆ ಬರೆದ ಪುಸ್ತಕವೊಂದರ ಹೆಸರನ್ನೇ ಹೇಳಬೇಕಾಗುತ್ತದೆ. ಮಂಡ್ಯದಲ್ಲಿ ನೀರಾವರಿ ಕೆಲಸ ಮಾಡಿ ನಿವೃತ್ತನಾದ ನನಗೆ ಓದು ಬಹುಕಾಲ ರಜಾದಿನದ ಹವ್ಯಾಸವಷ್ಟೇ ಆಗಿತ್ತು. ಈಗ ಲೆಕ್ಕ ಹಾಕಿದರೆ, ಮನಸ್ಸಿನಲ್ಲಿ ಉಳಿದ ಕೆಲವೇ ಪುಸ್ತಕಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಅಭ್ಯಾಸವನ್ನು ಕಲಿಸಿವೆ: ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆಯಾಗಿ ಇಟ್ಟುಕೊಳ್ಳುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಪ್ರಮಾಣಿಸುವ ಶ್ರಮ ಪಡುವವರು ಕಡಿಮೆ.

ನಾನು ಹೇಳಿದ ಪುಸ್ತಕ ಎ.ಎನ್. ಮೂರ್ತಿರಾವ್ ಅವರ 'ದೇವರು'. ಅವರ ಹೆಸರಿನ ಮೊದಲ ಅಕ್ಷರ ಅಕ್ಕಿಹೆಬ್ಬಾಳಿನದು. ಅದು ನಮ್ಮ ಜಿಲ್ಲೆಯದೇ ಊರು, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡದಲ್ಲಿದೆ. 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದ ಮೂರ್ತಿರಾಯರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, 'ಹಗಲುಗನಸುಗಳು' ಎಂಬ ಲಲಿತ ಪ್ರಬಂಧಗಳಿಂದ ಹೆಸರಾದವರು. ಅಂಥವರು ತೊಂಬತ್ತರ ಪ್ರಾಯದಲ್ಲಿ, ಸಾಮಾನ್ಯವಾಗಿ ಜನ ಜಪಮಾಲೆ ಹಿಡಿಯುವ ವಯಸ್ಸಿನಲ್ಲಿ, ದೇವರ ಇರುವಿಕೆಗೆ ಆಧಾರವೇನೆಂದು ವಿಚಾರಿಸುತ್ತ ಒಂದು ಪುಸ್ತಕವನ್ನೇ ಬರೆದರು. 1991ರಲ್ಲಿ ಅದು ಅಚ್ಚಾಯಿತು. ಮುಂದೆ ಅದಕ್ಕೆ ಪಂಪ ಪ್ರಶಸ್ತಿಯೂ ಬಂತು.

ನಾಸ್ತಿಕರ ಬರಹವೆಂದರೆ ಅರ್ಚಕರ ಮೇಲೆ, ಜಾತ್ರೆಗಳ ಮೇಲೆ ಹರಿಹಾಯುವ ಬರಹ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಈ ಪುಸ್ತಕದಲ್ಲಿ ಆ ಅಬ್ಬರವಿಲ್ಲ. ಜಗಲಿಯ ಮೇಲೆ ಕುಳಿತು ಕಿರಿಯರೊಡನೆ ಮಾತಿಗಿಳಿದ ಹಿರಿಯರ ಹಾಗೆ ಮೂರ್ತಿರಾಯರು ಒಂದೊಂದೇ ನಂಬಿಕೆಯನ್ನು ಎತ್ತಿಕೊಂಡು ಸಾವಧಾನವಾಗಿ ನೋಡುತ್ತಾರೆ. ಸರ್ವಶಕ್ತನೂ ದಯಾಮಯನೂ ಆದ ದೇವರೊಬ್ಬನಿದ್ದರೆ ಏನೂ ಅರಿಯದ ಮಗು ನರಳುವುದೇಕೆ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ನಮ್ಮ ಸಂಪ್ರದಾಯ ಕೊಡುವ ಸಿದ್ಧ ಉತ್ತರ ಪೂರ್ವಜನ್ಮದ ಕರ್ಮ. ನೆನಪೇ ಇಲ್ಲದ ಜನ್ಮದ ತಪ್ಪಿಗೆ ಈ ಜನ್ಮದಲ್ಲಿ ಶಿಕ್ಷೆಯಾದರೆ ತಿದ್ದಿಕೊಳ್ಳುವವನು ಯಾರು, ಏನನ್ನು ತಿದ್ದಿಕೊಳ್ಳಬೇಕು ಎಂದು ಮರಳಿ ಕೇಳಿದರೆ ಆ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಪುಸ್ತಕವನ್ನು ಓದಿದ ಮೇಲೆ ನಾನು ನಾಸ್ತಿಕನಾಗಲಿಲ್ಲ. ಆದರೆ ಸಾವಿನ ಮನೆಗೆ ಹೋದಾಗ 'ಏನೋ, ಅವರ ಕರ್ಮ' ಎಂದು ಹೇಳುವುದನ್ನು ಬಿಟ್ಟೆ. ಹರಕೆ ಹೊತ್ತುಕೊಂಡು ದೇವರೊಡನೆ ಕೊಡುಕೊಳ್ಳುವ ವ್ಯವಹಾರ ಮಾಡುವುದನ್ನೂ ಬಿಟ್ಟೆ. ಇಷ್ಟು ಕಳೆದ ಮೇಲೆ ಉಳಿದ ಭಕ್ತಿ ಸಣ್ಣದೇ ಇರಬಹುದು. ಅದರಲ್ಲಿ ಭಯದ ಪಾಲು ಕಡಿಮೆಯಾಯಿತು ಎಂಬುದು ಮಾತ್ರ ನಿಜ.

ಈ ಮಾತು ಬರಿಯ ತರ್ಕವಲ್ಲವೆಂದು ನನಗೆ ಮನದಟ್ಟಾದದ್ದು 2018ರ ನವೆಂಬರಿನಲ್ಲಿ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡರು. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ವಾರವೆಲ್ಲ ಮಂಡ್ಯದ ಹೋಟೆಲುಗಳಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿಬಂದ ಮಾತು 'ವಿಧಿ' ಎಂಬುದು. ನೊಂದ ತಾಯಿ ಆ ಮಾತನ್ನು ಆಡಿದರೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಆಕೆಗೆ ಆ ಮಾತು ಒಂದು ಆಸರೆ. ಆದರೆ ನಾಲೆಯ ಮೇಲೆ ಕೆಲಸ ಮಾಡಿದವರು, ರಸ್ತೆಯ ಹೊಣೆ ಹೊತ್ತವರು ಅದನ್ನೇ ಹೇಳಿದರೆ ತಡೆಗೋಡೆಯ ಪ್ರಶ್ನೆ ಏಳುವ ಮೊದಲೇ ಮುಚ್ಚಿಹೋಗುತ್ತದೆ. ಮೂರ್ತಿರಾಯರ ಪುಸ್ತಕದ ಬೆಲೆ ನನಗೆ ಆಗ ಮತ್ತಷ್ಟು ತಿಳಿಯಿತು.

ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ'ದ ಹೆಸರನ್ನು ಹೇಳದೆ ಹಳೇ ಮೈಸೂರಿನ ಓದುಗ ತನ್ನ ನೆಚ್ಚಿನ ಪುಸ್ತಕಗಳ ಮಾತನ್ನು ಮುಗಿಸುವುದು ಕಷ್ಟ. 1943ರಲ್ಲಿ ಬಂದ ಆ ಪುಸ್ತಕದ 945 ಪದ್ಯಗಳಲ್ಲಿ ಹತ್ತೋ ಹನ್ನೆರಡೋ ಮದುವೆಯ ಕರೆಯೋಲೆಗಳಿಗೆ, ಕ್ಯಾಲೆಂಡರುಗಳಿಗೆ, ಈಗ ವಾಟ್ಸಾಪಿನ ಬೆಳಗಿನ ಸಂದೇಶಗಳಿಗೆ ಸಲ್ಲುತ್ತಿವೆ. ಹುಲ್ಲಾಗು, ಮಲ್ಲಿಗೆಯಾಗು ಎಂಬ ಪದ್ಯ ಒಳ್ಳೆಯದೇ. ಆದರೆ ಕಗ್ಗವನ್ನು ಸಮಾಧಾನದ ಪುಸ್ತಕವೆಂದು ತಿಳಿದವರು ಅದರ ಆರಂಭದ ಪದ್ಯಗಳನ್ನು ಬಿಡಿಸಿ ಓದಬೇಕು. ಅಲ್ಲಿ ಕವಿ ಕೇಳುತ್ತಾನೆ:

ದೇವರೆಂಬುದದೇನು ಕಗ್ಗತ್ತಲೆಯ ಗವಿಯೆ?
ನಾವರಿಯಲಾರದೆಲ್ಲದರೊಟ್ಟು ಹೆಸರೆ?
ಕಾವನೊರ್ವನಿರಲ್ಕೆ ಜಗದ ಕಥೆಯೇಕಿಂತು?

ಕಾಯುವವನೊಬ್ಬನಿದ್ದರೆ ಜಗತ್ತಿನ ಕತೆ ಹೀಗೇಕೆ ಎಂಬ ಈ ಸಾಲನ್ನು 'ದೇವರು' ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿದ್ದರೂ ಅದು ಹೊಂದಿಕೊಳ್ಳುತ್ತಿತ್ತು. ಒಬ್ಬರು ಆಸ್ತಿಕರು, ಇನ್ನೊಬ್ಬರು ಆ ನಂಬಿಕೆಯನ್ನು ಬಿಟ್ಟವರು. ಪ್ರಶ್ನೆ ಮಾತ್ರ ಒಂದೇ. ಮುಂದೆ ದಾರಿ ಕವಲೊಡೆಯುತ್ತದೆ. ಡಿ.ವಿ.ಜಿ. ಉತ್ತರ ಸಿಗದಿದ್ದರೂ ನಡೆಯಬೇಕಾದ ಬಾಳನ್ನು ನಡೆಸುವುದು ಹೇಗೆಂದು ಹುಡುಕುತ್ತಾರೆ. ಮೂರ್ತಿರಾಯರು ಉತ್ತರ ಸಿಗದಿದ್ದರೆ ಸಿಕ್ಕಿತೆಂದು ಹೇಳಬಾರದು ಎನ್ನುವ ಕಡೆ ನಿಲ್ಲುತ್ತಾರೆ. ನನಗೆ ಇಬ್ಬರೂ ಬೇಕಾಗಿದ್ದಾರೆ. ಡಿ.ವಿ.ಜಿ. ಅವರ ಗೀತೆಯ ವ್ಯಾಖ್ಯಾನ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ದೊಡ್ಡ ಗ್ರಂಥ, ನಾನು ಅದನ್ನು ಅಲ್ಲಲ್ಲಿ ತೆರೆದು ಓದಿದ್ದೇ ಹೆಚ್ಚು. ಕಗ್ಗದ ಬಿಗಿಯನ್ನು ಅದರಲ್ಲಿ ಹುಡುಕುವುದು ನ್ಯಾಯವೂ ಅಲ್ಲ.

ಇನ್ನು ಕೆಲಸದ ಪುಸ್ತಕ. ಸರ್ ಎಂ. ವಿಶ್ವೇಶ್ವರಯ್ಯನವರ 'ಮೆಮ್ವಾರ್ಸ್ ಆಫ್ ಮೈ ವರ್ಕಿಂಗ್ ಲೈಫ್' ಇಂಗ್ಲಿಷಿನಲ್ಲಿ 1951ರಲ್ಲಿ ಪ್ರಕಟವಾಯಿತು. ಇದೂ ತೊಂಬತ್ತರ ಆಸುಪಾಸಿನಲ್ಲಿ ಬರೆದದ್ದು. ನನ್ನ ಕಪಾಟಿಗೆ ತೊಂಬತ್ತು ತಲುಪಿದವರ ಮೇಲೆ ಏನೋ ಒಲವಿರಬೇಕು. ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮನೆಗಳಲ್ಲಿ ಅವರ ಪಟವಿದೆ, ಶಾಲೆಗಳಲ್ಲಿ ಅವರ ಕತೆಗಳಿವೆ, ಗದ್ದೆಗೆ ಬರುವ ನೀರಿನ ನಾಲೆಗೇ ಅವರ ಹೆಸರಿದೆ. ಆ ನಾಲೆಗೆ ಮೊದಲು ಇದ್ದದ್ದು ವೈಸರಾಯ್ ಇರ್ವಿನ್ ಅವರ ಹೆಸರು. ಕತೆಗಳನ್ನು ಬಯಸಿ ಈ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಅದು ಒಣಗಿದಂತೆ ಕಾಣುವುದು ಖಂಡಿತ. ಮನೆ, ಮನಸ್ಸು, ಬಂಧುಬಳಗ ಇವುಗಳ ಮಾತು ಅತಿ ಕಡಿಮೆ. ಯೋಜನೆ, ವೆಚ್ಚ, ವರದಿ, ಅನುಮತಿ ಇವುಗಳ ಮಾತೇ ಹೆಚ್ಚು. ನನಗೆ ಬೇಕಾಗಿದ್ದದ್ದೂ ಅದೇ.

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿದಾಗ ಅಲ್ಲಿನ ಸರ್ಕಾರ ಅವರನ್ನು ಕರೆಸಿಕೊಂಡಿತು. ಆ ಪ್ರಸಂಗವನ್ನು ನಾನು ಹಲವು ಸಲ ಓದಿದ್ದೇನೆ. ಊರಿನ ದಡದಲ್ಲಿ ಗೋಡೆ ಎತ್ತರಿಸುವ ಮಾತಿನಿಂದ ಅವರು ತೊಡಗುವುದಿಲ್ಲ. ನದಿಯ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆಗಳು ಒಡೆದವು, ಅಷ್ಟು ನೀರು ಎಲ್ಲಿಂದ ಬಂತು ಎಂಬ ಲೆಕ್ಕ ಮೊದಲು. ಆ ಲೆಕ್ಕದಿಂದ ಹೊರಟು, ಪ್ರವಾಹವನ್ನು ಊರಿಗಿಂತ ಮೇಲೆಯೇ ಜಲಾಶಯ ಕಟ್ಟಿ ತಡೆಯಬೇಕೆಂಬ ಸಲಹೆ ಆಮೇಲೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಆ ಸಲಹೆಯಿಂದ. ಬೊಂಬಾಯಿ ಪ್ರಾಂತ್ಯದಲ್ಲಿದ್ದಾಗ ಅವರು ತಂದ ಬ್ಲಾಕ್ ಪದ್ಧತಿಯೂ ಇಂಥದೇ: ನಾಲೆಯ ನೀರನ್ನು ಕೆಲವೇ ಊರುಗಳು ಹೀರಿಕೊಳ್ಳದೆ ಬೆಳೆಯನ್ನು ಸರದಿಯ ಮೇಲೆ ಹಂಚಿ ಹೆಚ್ಚು ಊರುಗಳಿಗೆ ಮುಟ್ಟಿಸುವ ಏರ್ಪಾಡು.

ಇದು ನನ್ನ ದಿನದ ಕೆಲಸಕ್ಕೆ ಹೇಗೆ ತಗುಲಿತೆಂದು ಹೇಳಬೇಕು. ನಾಲೆಯ ಕೊನೆಭಾಗದ ರೈತನ ಗೋಳು ಮಂಡ್ಯದಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ತೂಬುಗಳವರು ಭತ್ತಕ್ಕೂ ಕಬ್ಬಿಗೂ ಬೇಕಾದಷ್ಟು ಹರಿಸಿಕೊಂಡ ಮೇಲೆ ಉಳಿದದ್ದು ಕೆಳಗಿನವರ ಪಾಲು. ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಸರದಿ ಮುಗಿಯುವ ಹೊತ್ತಿಗೆ ಕೊನೆಯ ತೂಬು ಇನ್ನೂ ಒಣಗಿಯೇ ಇರುತ್ತದೆ. ಆದರೆ ಕಾಗದದ ಮೇಲೆ ಎಂದೂ ಹಾಗೆ ಇರುವುದಿಲ್ಲ. 'ಕಡೇ ತೂಬ್ಗೂ ನೀರು ಹೋಗೈತೆ ಅಂತ ಬರ್ಕೊಳಿ ಸ್ವಾಮಿ' ಎಂದು ತೂಬುಗಳಿಗೆ ನೀರು ಬಿಡುವ ಸೌಡಿ ಹೇಳುತ್ತಾನೆ. ಅವನಿಗೂ ಅದನ್ನು ಇನ್ನಾರೋ ಹೇಳಿರುತ್ತಾರೆ. ಹಾಗೆ ಕೇಳಿ ಬರೆದ ವಾಕ್ಯ ಮೇಲಕ್ಕೆ ಹೋಗುತ್ತ ಹೋಗುತ್ತ ಅಂಕಿ ಅಂಶವಾಗುತ್ತದೆ. ವಿಶ್ವೇಶ್ವರಯ್ಯನವರ ಪುಸ್ತಕವನ್ನು ಓದಿದ ಮೇಲೆ ನಾನು ಕೊನೆಯ ತೂಬಿನವರೆಗೆ ಹೋಗಿ ಗೇಜಿನ ಮಟ್ಟವನ್ನು ಕಣ್ಣಾರೆ ನೋಡಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ನೋಡಲಾಗದಿದ್ದಾಗ 'ಸೌಡಿಯ ಹೇಳಿಕೆಯಂತೆ' ಎಂದು ಸೇರಿಸುತ್ತಿದ್ದೆ. ಆ ಎರಡು ಪದಗಳಿಗಾಗಿ ಮೇಲಿನವರ ಅಸಮಾಧಾನವನ್ನೂ ಕೇಳಿದ್ದುಂಟು.

ಆ ಪುಸ್ತಕವನ್ನು ಮೆಚ್ಚುತ್ತಲೇ ಎರಡು ಮಾತು ಹೇಳಬೇಕು. ಕನ್ನಂಬಾಡಿ ಕಟ್ಟೆಯನ್ನು (ಕೆ.ಆರ್.ಎಸ್. ಅಣೆಕಟ್ಟು) ಒಬ್ಬರೇ ಕಟ್ಟಿದರೆಂಬಂತೆ ನಾವು ಮಾತಾಡುತ್ತೇವೆ. ಕೆಲಸ ಆರಂಭವಾದದ್ದು 1911ರಲ್ಲಿ; ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟದ್ದು 1918ರಲ್ಲಿ; ಕಟ್ಟೆ ಪೂರ್ತಿಯಾಗಲು ಅಲ್ಲಿಂದ ಮುಂದೆ ಇನ್ನೂ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ಆಮೇಲೆ ಬಂದ ಇಂಜಿನಿಯರುಗಳು, ಸುರ್ಕಿ ಗಾರೆ ಹೊತ್ತ ಕೂಲಿಗಳು ಎಲ್ಲರೂ ಸೇರಿ ಆದ ಕೆಲಸ ಅದು. ಎರಡನೆಯದು, ಹಳೆಯ ಕನ್ನಂಬಾಡಿಯಂಥ ಊರುಗಳು ನೀರಿನಡಿ ಹೋದದ್ದರ ನೋವು ಯೋಜನೆಯ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ ದನಿ ಪಡೆಯುವುದಿಲ್ಲ. ಆ ಕೊರತೆಯನ್ನು ನನಗೆ ತುಂಬಿಕೊಟ್ಟವರು ಕತೆಗಾರರು. ಮದ್ದೂರು ತಾಲ್ಲೂಕಿನವರೇ ಆದ, ವೈದ್ಯರಾಗಿದ್ದ ಬೆಸಗರಹಳ್ಳಿ ರಾಮಣ್ಣನವರ 'ಗಾಂಧಿ' ಕತೆಯನ್ನು ಓದಿದ ಯಾವ ಸರ್ಕಾರಿ ನೌಕರನೂ ಕಚೇರಿಗೆ ಬಂದ ಹಳ್ಳಿಯವನನ್ನು ಮೊದಲಿನಂತೆ ಕಾಯಿಸಲಾರ ಎಂದು ನನ್ನ ನಂಬಿಕೆ.

ವಿಚಾರದ ಮಾತಿಗೆ ಬಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನನ್ನ ಮೆಚ್ಚಿನದು. ಡಿ.ವಿ.ಜಿ. ಅವರ ಮಗನಾದ ಈ ಸಸ್ಯವಿಜ್ಞಾನಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತುತ್ತ, ನಗಿಸುತ್ತ, ಹೂವನ್ನು ಬಿಡಿಸಿ ತೋರಿಸುತ್ತಾರೆ. ಚಿತ್ರಗಳನ್ನೂ ತಾವೇ ಬರೆದಿದ್ದಾರೆ. ತಂದೆ ಮತ್ತು ಮಗನ ಗದ್ಯವನ್ನು ಅಕ್ಕಪಕ್ಕ ಇಟ್ಟು ಓದುವುದು ಒಂದು ಸುಖ.

ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಮಾತ್ರ ನನ್ನ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. 1968ರಲ್ಲಿ ಬಂದ, ಕಾರಂತರಿಗೆ ಜ್ಞಾನಪೀಠವನ್ನು ತಂದ ಆ ಕಾದಂಬರಿಯ ಅಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವನ್ನೇ ಕಾಣುತ್ತಾಳೆ. ಪ್ರಮಾಣ ಕೇಳುವವನಿಗೆ ಇಂಥ ಅಜ್ಜಿಯೊಡನೆ ಏನು ಕೆಲಸ? ಆದರೆ ಅವಳ ಕಾಣ್ಕೆಗಳಲ್ಲಿ ಪವಾಡದ ಗರ್ವವಿಲ್ಲ. ದೇವರುಗಳು ಜನರೊಡನೆ ಹುಟ್ಟಿ, ಜನರೊಡನೆ ಬದಲಾಗಿ, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬಂದು ಕುಳಿತ ಚರಿತ್ರೆಯನ್ನು ಅವಳು ಊಟ ತಿಂಡಿಯ ಮಾತಿನಷ್ಟು ಸಹಜವಾಗಿ ಹೇಳುತ್ತಾಳೆ. ಮೊಮ್ಮಗ ಸುಬ್ಬರಾಯ ಅದನ್ನು ಒಪ್ಪಲೇಬೇಕೆಂದು ಅವಳು ಹಟ ಹಿಡಿಯುವುದಿಲ್ಲ. ಕಂಡೆನೆಂದು ಹೇಳಿ ಅಲ್ಲಿಗೇ ನಿಲ್ಲುವವರನ್ನು ನಾನು ಜೀವನದಲ್ಲಿ ಹೆಚ್ಚು ಕಂಡಿಲ್ಲ.

ಕೊನೆಗೆ, ಮೂರ್ತಿರಾಯರೊಡನೆ ನನಗಿರುವ ಒಂದು ತಕರಾರು. ಅದು ಹುಟ್ಟಿದ್ದು ಮೇಲುಕೋಟೆಯವರೇ ಆದ ಕವಿ ಪು.ತಿ.ನ. ಅವರಿಂದ. ಹುಟ್ಟಿದೂರಿನ ದೇಗುಲವನ್ನು ಕುರಿತು ಅವರು ಬರೆದ 'ಮಲೆದೇಗುಲ'ದಲ್ಲಿ ಭಕ್ತಿ ಮತ್ತು ಸಂಶಯ ಒಂದರ ಪಕ್ಕದಲ್ಲಿ ಒಂದು ಬಾಳುತ್ತವೆ. ಮೂರ್ತಿರಾಯರಿಗಿಂತ ಐದು ವರ್ಷ ಕಿರಿಯರು. ಅದೇ ಜಿಲ್ಲೆ, ಅದೇ ಕಾಲ. ವೈರಮುಡಿಯ ಕಿರೀಟ ವರ್ಷವೆಲ್ಲ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೊಲೀಸರ ಕಾವಲಿನಲ್ಲಿ ಊರೂರು ದಾಟಿ ಬೆಟ್ಟಕ್ಕೆ ಹೋಗುತ್ತದೆ. ಅದನ್ನು ನೋಡಲು ದಾರಿಯುದ್ದಕ್ಕೂ ನಿಂತ ಜನ ಒಂದು ವಾದವನ್ನು ಒಪ್ಪಿ ಬಂದವರಲ್ಲ. ದೇವರೆಂಬುದನ್ನು ಸರಿಯೋ ತಪ್ಪೋ ಎಂದು ತೂಗಬೇಕಾದ ಹೇಳಿಕೆಯೆಂದು ಮೂರ್ತಿರಾಯರು ಎಣಿಸುತ್ತಾರೆ, ಮತ್ತು ಆ ತಕ್ಕಡಿಯಲ್ಲಿ ಅವರ ತೀರ್ಪನ್ನು ಅಲ್ಲಗಳೆಯಲು ನನಗೆ ಆಗಿಲ್ಲ. ಆದರೆ ಆ ರಾತ್ರಿ ಅಲ್ಲಿ ನೆರೆದವರಲ್ಲಿ ಹೇಳಿಕೆಯೇ ಇಲ್ಲ. ಊರು, ಹಿರಿಯರ ನೆನಪು, ಹಾಡು, ಕಿರೀಟದ ಹೊಳಪು ಇವೆಲ್ಲ ಸೇರಿದ ಏನೋ ಒಂದು ಇದೆ, ಪು.ತಿ.ನ. ಅದಕ್ಕೇ ಕಿವಿಗೊಡುತ್ತಾರೆ. ನನ್ನ 'ದೇವರು' ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಆಕ್ಷೇಪಗಳು ಬಹಳ ಇವೆ. ಹಲವಕ್ಕೆ ಅದೇ ಪುಸ್ತಕದ ಮುಂದಿನ ಪುಟಗಳಲ್ಲಿ ಉತ್ತರ ಸಿಕ್ಕಿ ಅವನ್ನು ಹೊಡೆದುಹಾಕಿದ್ದೇನೆ. ಇದೊಂದನ್ನು ಹಾಗೆಯೇ ಬಿಟ್ಟಿದ್ದೇನೆ.