ಆಡಿನ ಚರ್ಮ, ಅಳಲೆಕಾಯಿ ಮತ್ತು ನಡುವಿನ ಬಿಳಿ ಗೆರೆ

ಕಳೆದ ಜುಲೈನಲ್ಲಿ ಹದ ಮಾಡಿದ ಮೊದಲ ಚರ್ಮವನ್ನು ಎಸೆದಿಲ್ಲ. ಮೇಲೆ ಚೆಂದದ ಕಂದು ಬಣ್ಣ. ಮಡಚಿದರೆ ಮಾತ್ರ ಹಪ್ಪಳದ ಹಾಗೆ ಬಿರುಕು ಬಿಡುತ್ತದೆ. ಅಂಚು ಕೊಯ್ದು ನೋಡಿದರೆ ಎರಡು ಕಂದು ಪದರಗಳ ನಡುವೆ ಗಟ್ಟಿಯಾದ ಬಿಳಿ ಗೆರೆ. ಅಂದರೆ ಹದ ಮಾಡುವ ಒಗರು ಕಷಾಯ ನಡುವಿನವರೆಗೆ ಇಳಿದಿಲ್ಲ, ಅದು ಹದವಾದ ಚರ್ಮ ಆಗಲೇ ಇಲ್ಲ. ಹಸಿ ತೊಗಲಿಗೆ ಬಣ್ಣ ಬಳಿದ ಹಾಗೆ ಆಗಿತ್ತು ಅಷ್ಟೆ.

ಕುಮಟಾ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ, ಧಾರವಾಡದ ಕಡೆಯವರು. ಅವರಿಗೆ ತೋರಿಸಿದೆ. ಬೆರಳಲ್ಲಿ ಒಮ್ಮೆ ಬಗ್ಗಿಸಿ, 'ಮ್ಯಾಲಿನ ಬಣ್ಣ ನೋಡಬ್ಯಾಡ ತಮ್ಮಾ, ಕೊಯ್ದು ನಡುಕ್ ನೋಡು' ಅಂದರು. ಎರಡನೇ ಚರ್ಮದ ಕೆಲಸ ಪೂರ್ತಿ ಈ ಒಂದು ಮಾತಿನ ಮೇಲೆ ನಡೆದಿದೆ.

ಡಿಸೆಂಬರ್ 7. ಮಟನ್ ಅಂಗಡಿಯಿಂದ ಆಡಿನ ಚರ್ಮ ತಂದೆ. ತೂಕ 1.8 ಕಿಲೋ. ಮನೆಗೆ ಬಂದ ಕೂಡಲೇ ಒಳಮೈಗೆ 800 ಗ್ರಾಂ ಸಾಣಿಕಟ್ಟಾ ಉಪ್ಪು ತಿಕ್ಕಿದೆ. ನಮ್ಮ ಕರಾವಳಿಯ ಸೆಕೆಯಲ್ಲಿ ನಾಲ್ಕೈದು ತಾಸು ತಡವಾದರೂ ಕೊಳೆಯುವುದು ಶುರು. ಆಮೇಲೆ ಕೂದಲ ಬುಡದಲ್ಲಿ ತೂತು ಬೀಳುತ್ತದೆ, ಅದನ್ನು ಯಾವ ಕಷಾಯವೂ ಸರಿ ಮಾಡುವುದಿಲ್ಲ. ಮೂರು ದಿನ ಇಳಿಜಾರು ಹಲಗೆ ಮೇಲೆ ಇಟ್ಟೆ. ತುಂಬ ನೀರು ಬಸಿಯಿತು.

ಡಿಸೆಂಬರ್ 11ರಿಂದ 18. ಒಂದು ದಿನ ನೀರಲ್ಲಿ ನೆನೆಸಿ, ಉಪ್ಪು ತೊಳೆದು, ಸುಣ್ಣಕ್ಕೆ ಹಾಕಿದೆ. ಇದು ಅಘನಾಶಿನಿ ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದಿನಕ್ಕೆ ಎರಡು ಸಲ ಮಗುಚುತ್ತಿದ್ದೆ, ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಸುಣ್ಣದ ಕೆಲಸ ಕೂದಲು ಸಡಿಲ ಮಾಡುವುದು ಮಾತ್ರ ಅಂತ ಮೊದಲು ತಿಳಿದಿದ್ದೆ. ಹಾಗಲ್ಲ. ಅದು ಒಳಗಿನ ಕೊಬ್ಬನ್ನು ಸಾಬೂನಿನ ಹಾಗೆ ಮಾಡುತ್ತದೆ. ಚರ್ಮದ ಮುಖ್ಯ ಪ್ರೋಟೀನ್ ಆದ ಕೊಲಾಜೆನ್ ನಾರುಗಳ ನಡುವೆ ಅಂಟಿಕೊಂಡಿರುವ ಬೇರೆ ಪ್ರೋಟೀನನ್ನು ಕರಗಿಸಿ, ನಾರಿನ ಕಟ್ಟು ಬಿಡಿಸುತ್ತದೆ. ಆ ಬಿಡಿಸಿದ ಜಾಗದಲ್ಲೇ ಮುಂದೆ ಕಷಾಯ ಇಳಿಯಬೇಕು. ಜುಲೈನಲ್ಲಿ ಕೂದಲು ಉದುರಿತು ಅಂತ ಮೂರೇ ದಿನಕ್ಕೆ ತೆಗೆದುಬಿಟ್ಟಿದ್ದೆ.

ಎಂಟನೇ ದಿನ ಕೂದಲು ಅಂಗೈಯಲ್ಲೇ ಜಾರಿ ಬಂತು. ಅರ್ಧ ಸೀಳಿದ ಅಡಿಕೆ ಮರದ ದಬ್ಬೆಯ ಮೇಲೆ ಹಾಸಿ, ಮೊಂಡು ಕತ್ತಿಯಿಂದ ಒಳಮೈಯ ಮಾಂಸದ ಪೊರೆ ಹೆರೆದೆ. ಅರ್ಧ ದಿನ ಹೋಯಿತು. ಕೂದಲು, ಪೊರೆ ಎಲ್ಲ ಗೊಬ್ಬರದ ಗುಂಡಿಗೆ. ಸುಣ್ಣದ ನೀರನ್ನು ಬಾವಿ ಹತ್ತಿರ, ಹಳ್ಳದ ಹತ್ತಿರ ಚೆಲ್ಲಬಾರದು. ತಿಳಿಯಾಗಲು ಬಿಟ್ಟು, ತಳದ ಸುಣ್ಣವನ್ನು ತೆಂಗಿನ ಬುಡಗಳಿಗೆ ಸ್ವಲ್ಪ ಸ್ವಲ್ಪವೇ ಹಾಕಿದೆ.

ಡಿಸೆಂಬರ್ 19. ಹಾಕಿದ ಸುಣ್ಣವನ್ನು ಈಗ ಪೂರ್ತಿ ಹೊರಗೆ ತೆಗೆಯಬೇಕು. ಒಳಗೆ ಉಳಿದಿದೆಯಾ ಇಲ್ವಾ ಅಂತ ಗೊತ್ತಾಗುವುದು ಹೇಗೆ? ಪ್ರಯೋಗಾಲಯದಲ್ಲಿ ಫಿನಾಲ್ಫ್ತಲೀನ್ ಹನಿ ಹಾಕುತ್ತಾರೆ, ಸುಣ್ಣ ಇದ್ದರೆ ಗುಲಾಬಿ. ನನಗೆ ಓಕುಳಿ ನೆನಪಾಯಿತು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ವಾ? ಕುತ್ತಿಗೆ ಭಾಗದಲ್ಲಿ ಸಣ್ಣ ತುಂಡು ಕೊಯ್ದು, ಕೊಯ್ದ ಅಂಚಿಗೆ ಅರಿಶಿನದ ನೀರು ಹಚ್ಚಿದೆ. ಎರಡೂ ಬದಿ ಹಳದಿ, ನಡುವೆ ಕುಂಕುಮದ ಬಣ್ಣದ ಗೆರೆ! ಅಷ್ಟು ಸ್ಪಷ್ಟವಾಗಿ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಕ್ಕಿ ತೌಡು ನೆನೆಸಿ ಹುಳಿ ಬರಿಸಿದ ನೀರಲ್ಲಿ ಎರಡು ದಿನ ಇಟ್ಟು, ಮತ್ತೆ ಕೊಯ್ದು ಹಚ್ಚಿದೆ. ಅಂಚು ಪೂರ್ತಿ ಹಳದಿ. ಚರ್ಮವೂ ಊದಿಕೊಂಡಿದ್ದು ಇಳಿದು ರೇಷ್ಮೆಯಷ್ಟು ಮೆದುವಾಗಿತ್ತು.

ಹಿಂದೆ ಈ ಹಂತದ ಮೆದುತನಕ್ಕೆ ನಾಯಿ, ಪಾರಿವಾಳದ ಹಿಕ್ಕೆ ಬಳಸುತ್ತಿದ್ದರು. 1907ರ ಸುಮಾರಿಗೆ ಜರ್ಮನಿಯ ಒಟ್ಟೊ ರೋಮ್, ಪ್ರಾಣಿಯ ಮೇದೋಜೀರಕ ಗ್ರಂಥಿಯ ಕಿಣ್ವದಿಂದ ಅದೇ ಕೆಲಸ ಆಗುತ್ತದೆ ಅಂತ ತೋರಿಸಿದ ಮೇಲೆ ಹಿಕ್ಕೆ ತಪ್ಪಿತು. ತೆಳು ಆಡಿನ ಚರ್ಮಕ್ಕೆ ನನಗೆ ತೌಡೇ ಸಾಕಾಯಿತು.

ಡಿಸೆಂಬರ್ 22ರಿಂದ ಜನವರಿ 20. ಅಳಲೆಕಾಯಿ ತಂದಿದ್ದು ಸಿರಸಿಯ ಗ್ರಂಥಿಗೆ ಅಂಗಡಿಯಿಂದ. ಘಟ್ಟದ ಕಾಡಿನ ಕಾಯಿ. ಅದರ ಸಿಪ್ಪೆಯಲ್ಲಿ ಚರ್ಮ ಹದ ಮಾಡುವ ಒಗರು (ಟ್ಯಾನಿನ್) ಜಾಸ್ತಿ, ಬೀಜದಲ್ಲಿ ಇಲ್ಲ. ಹಾಗಾಗಿ ಜಜ್ಜಿ ಬೀಜ ತೆಗೆದೆ. ಅಳಲೆ ಒಂದೇ ಆದರೆ ಚರ್ಮ ತೀರಾ ಸ್ಪಂಜಿನ ಹಾಗೆ ಆಗುತ್ತದೆ ಅಂತ, ಸೌದೆಗೆ ತಂದ ಅಕೇಶಿಯಾದ ತೊಗಟೆಯನ್ನೂ ಸೇರಿಸಿದೆ. ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ಅಳಲೆ ಜೊತೆ ಜಾಲಿ ತೊಗಟೆ ಹಾಕುವುದೂ ಇದೇ ಲೆಕ್ಕ. ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ತೊಗಟೆಯಲ್ಲಿ ಒಗರು ಧಾರಾಳ ಇದೆ. ಆದರೆ ದಡ ಹಿಡಿದು ನಿಂತ ಗಿಡ ಅದು. ನಾನು ಮುಟ್ಟುವುದಿಲ್ಲ.

ಜುಲೈನ ಇನ್ನೊಂದು ತಪ್ಪು ಇಲ್ಲೇ ಆಗಿತ್ತು. ಬೇಗ ಆಗಲಿ ಅಂತ ಮೊದಲ ದಿನವೇ ದಪ್ಪ ಕಷಾಯಕ್ಕೆ ಹಾಕಿದ್ದೆ. ಹೊರಗಿನ ನಾರು ಒಗರನ್ನು ಒಮ್ಮೆಲೇ ಹೀರಿ ಬಿಗಿದುಕೊಂಡಿತು, ಒಳಗೆ ಹೋಗುವ ದಾರಿ ಮುಚ್ಚಿತು. ಈ ಸಲ ಮೊದಲ ನಾಲ್ಕು ದಿನ ತೆಳು ಚಹಾದಂಥ ನೀರು. ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಗಟ್ಟಿ. ಪ್ರತಿ ಸಲ ಅಂಚು ಕೊಯ್ದು ನೋಡುವುದು. ಹೊಟ್ಟೆಯ ಭಾಗ ಹನ್ನೆರಡನೇ ದಿನಕ್ಕೇ ಪೂರ್ತಿ ಕಂದು. ಕುತ್ತಿಗೆ ದಪ್ಪ, ಅಲ್ಲಿ ಬಿಳಿ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ ಜನವರಿ 17ರವರೆಗೂ ಇತ್ತು. 20ಕ್ಕೆ ಇರಲಿಲ್ಲ.

ನಡುವೆ ಒಂದು ಎಡವಟ್ಟು ಆಯಿತು. ಚರ್ಮ ನೇತುಹಾಕಲು ಬಳಸಿದ ಕಬ್ಬಿಣದ ಮೊಳೆ ತಾಗಿದ ಕಡೆ ರಾತ್ರಿ ಬೆಳಗಾಗುವಷ್ಟರಲ್ಲಿ ನೀಲಿಗಪ್ಪು ಕಲೆ. ಒಗರಿಗೆ ಕಬ್ಬಿಣ ಸೇರಿದರೆ ಶಾಯಿಯೇ ಆಗುತ್ತದೆ, ಹಿಂದೆ ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಹೀಗೇ. ನಿಂಬೆರಸ ತಿಕ್ಕಿದೆ, ಕಲೆ ಅರ್ಧ ಹೋಯಿತು.

ಅಳಲೆಯ ಬದಲು ಕ್ರೋಮ್ (ಕ್ರೋಮಿಯಂ ಲವಣ) ಬಳಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಜ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿಯ ಕಾರ್ಖಾನೆಗಳಲ್ಲಿ ಹೆಚ್ಚಿನ ಚರ್ಮ ಹದವಾಗುವುದು ಹಾಗೇ. ಆದರೆ ಆ ನೀರನ್ನು ಶುದ್ಧ ಮಾಡುವ ವ್ಯವಸ್ಥೆ ಮನೆ ಹಿತ್ತಲಲ್ಲಿ ಇಲ್ಲ. ಅಳಲೆಯ ನೀರನ್ನಾದರೆ ತೆಳು ಮಾಡಿ ತೋಟದ ಮೂಲೆಗೆ ಬಿಡಬಹುದು.

ಇನ್ನೊಂದು ಮಾತು ಬರೆಯಲೇಬೇಕು. ಈ ಕೆಲಸವನ್ನು ತಲೆಮಾರುಗಳಿಂದ ಮಾಡಿದವರನ್ನು ಊರಿನಿಂದ ಹೊರಗೆ ಇಟ್ಟಿದ್ದರು. ಅವರು ಮಾಡಿದ ಮೆಟ್ಟು ಎಲ್ಲರಿಗೂ ಬೇಕಿತ್ತು. ನಾನು ಥರ್ಮಾಮೀಟರ್, ತಕ್ಕಡಿ ಹಿಡಿದು ಏಳು ತಿಂಗಳಲ್ಲಿ ಕಲಿತಿದ್ದನ್ನು ಕಾಕಾ ಬೆರಳಲ್ಲಿ ಬಗ್ಗಿಸಿ ಹೇಳಿಬಿಡುತ್ತಾರೆ. ಈ ಅರಿವಿಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಫೆಬ್ರವರಿ 2. ತೊಳೆದು, ಅರೆ ಒಣಗಿದಾಗ ಕೊಬ್ಬರಿ ಎಣ್ಣೆ ತಿಕ್ಕಿ, ನೆರಳಲ್ಲಿ ಒಣಗಿಸಿ, ಕಂಬಕ್ಕೆ ಸುತ್ತಿ ಎಳೆದು ಎಳೆದು ಮೆದು ಮಾಡಿದೆ. ಇವತ್ತು ಬಿಸಿನೀರಿನ ಪರೀಕ್ಷೆ. ಹಸಿ ಚರ್ಮ 60 ಡಿಗ್ರಿ ದಾಟಿದರೆ ಮುದುಡುತ್ತದೆ. ಕಷಾಯ ಸರಿಯಾಗಿ ಹಿಡಿದಿದ್ದರೆ 70 ದಾಟಬೇಕು. ಜುಲೈನ ಪಟ್ಟಿ 64ಕ್ಕೇ ಸುರುಳಿಯಾಯಿತು. ಹೊಸ ಪಟ್ಟಿ 76ರವರೆಗೂ ನೆಟ್ಟಗಿತ್ತು.

ಇದರಲ್ಲಿ ಅಜ್ಜನಿಗೆ ಕವಳದ (ಎಲೆಅಡಿಕೆಯ) ಸಂಚಿ ಹೊಲಿಯಬೇಕು ಅಂತ ಶುರುವಿನಿಂದಲೂ ಇದೆ. ಕೊಯ್ಯಲು ಗುರುತು ಹಾಕುವಾಗ ಹೊಳೆಯಿತು, ಆ ಸಂಚಿಯೊಳಗೆ ಇರುವುದೇ ಸುಣ್ಣದ ಡಬ್ಬಿ ಮತ್ತು ಕಬ್ಬಿಣದ ಅಡಕತ್ತರಿ. ಎರಡೂ ಈ ಚರ್ಮಕ್ಕೆ ಆಗದವು. ಒಳಗೆ ಬಟ್ಟೆಯ ಲೈನಿಂಗ್ ಕೊಡಲೇಬೇಕು. ಅಜ್ಜನ ಹಳೇ ಪಂಚೆಯೊಂದನ್ನು ಕೇಳಿ ಇಟ್ಟುಕೊಂಡಿದ್ದೇನೆ.