ಇಂಡಿ ಲಿಂಬೆ ಬೆಳೆಗಾರರ ಕಂಪನಿ: ನೋಂದಣಿಯಾಗಿ 34ನೇ ದಿನ

ಆದದ್ದು: ನೋಂದಣಿ ಪತ್ರ, ಪ್ಯಾನ್, ಟ್ಯಾನ್ (ಮೂಲದಲ್ಲೇ ತೆರಿಗೆ ಮುರಿಯಲು ಬೇಕಾದ ಸಂಖ್ಯೆ), ಬ್ಯಾಂಕ್ ಖಾತೆ, ಮೊದಲ ಲೆಕ್ಕಪರಿಶೋಧಕರ ನೇಮಕ (ಇದಕ್ಕೆ ಇದ್ದದ್ದು 30 ದಿನ).
ಬಾಕಿ: ಐಎನ್‌ಸಿ-20ಎ (ಷೇರು ಹಣ ಬಂದಿದೆ, ವ್ಯವಹಾರ ಶುರು ಮಾಡುತ್ತೇವೆ ಎಂಬ ಘೋಷಣೆ), ಮೊದಲ ವಾರ್ಷಿಕ ಸಭೆ, ಉಳಿದ ಸದಸ್ಯರ ಷೇರು.

ಕಂಪನಿ ಯಾವ ಬಗೆಯದಾಗಬೇಕು ಎಂದಾಗ ಸೆಕ್ಷನ್ 8 (ಲಾಭದ ಉದ್ದೇಶವಿಲ್ಲದ) ಕಂಪನಿ ಬೇಡವೆನ್ನಲು ಒಂದೇ ಕಾರಣ. ಅದರಲ್ಲಿ ಲಾಭವನ್ನು ಸದಸ್ಯರಿಗೆ ಹಂಚುವಂತಿಲ್ಲ. ದೇಣಿಗೆ, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ) ಹಣದ ಮೇಲೆ ನಡೆಯುವ ಸಂಸ್ಥೆಗೆ ಅದು ಸರಿ; ಲಿಂಬೆ ಮಾರಿ ಉಳಿದದ್ದು ಬೆಳೆದವರ ಕೈಗೇ ಹೋಗಬೇಕು ಎನ್ನುವವರಿಗೆ ಆಗಿಬರುವುದಿಲ್ಲ. ಆರಿಸಿದ್ದು 2013ರ ಕಂಪನಿ ಕಾಯ್ದೆಯ 21ಎ ಅಧ್ಯಾಯದ ಉತ್ಪಾದಕರ ಕಂಪನಿ. ಕನಿಷ್ಠ 10 ಉತ್ಪಾದಕರು, 5ರಿಂದ 15 ನಿರ್ದೇಶಕರು, ಷೇರು ಎಷ್ಟಿದ್ದರೂ ತಲೆಗೊಂದೇ ಮತ. ಇಳಕಲ್ ನೇಕಾರರೂ ಇದೇ ದಾರಿ ಹಿಡಿಯಬಹುದು, ಕೈಮಗ್ಗದ ಬಟ್ಟೆ ಕೂಡ ಕಾಯ್ದೆಯ ಲೆಕ್ಕದಲ್ಲಿ ಪ್ರಾಥಮಿಕ ಉತ್ಪನ್ನವೇ.

ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಅರ್ಜಿಯ, ಹೆಸರು ಕೇಳುವ ‘ಎ’ ಭಾಗಕ್ಕೆ ಶುಲ್ಕ 1,000 ರೂ. ಸಿಕ್ಕ ಹೆಸರು ಉಳಿಯುವುದು 20 ದಿನ ಮಾತ್ರ. ಹೆಸರು ಮೊದಲು, ಕಾಗದ ಆಮೇಲೆ ಎಂದರೆ ಈ 20 ದಿನ ಕಾಗದ ಹುಡುಕುವುದರಲ್ಲೇ ಮುಗಿಯುತ್ತವೆ. ಡಿಜಿಟಲ್ ಸಹಿಗಳೆಲ್ಲ ಕೈಗೆ ಬಂದ ಮೇಲೆ ಹೆಸರು ಕೇಳುವುದು ಒಳ್ಳೆಯದು.

ಕೆಲಸ ನಿಲ್ಲುವುದು ಸಣ್ಣ ಕಾಗದಗಳಲ್ಲಿ. ಆಧಾರ್‌ನಲ್ಲಿ ಬಸಪ್ಪ, ಪ್ಯಾನ್‌ನಲ್ಲಿ ಬಸವರಾಜ, ಉತಾರದಲ್ಲಿ (ಪಹಣಿಯಲ್ಲಿ) ತೀರಿಹೋದ ತಂದೆಯ ಹೆಸರು. ಆಧಾರ್–ಪ್ಯಾನ್ ಹೆಸರು ಒಂದಕ್ಕೊಂದು ಹೊಂದದಿದ್ದರೆ ಡಿಜಿಟಲ್ ಸಹಿಯೇ ಸಿಗದು. ಇನ್ನು ಉತಾರದ ಮಾತು. ಕಾಯ್ದೆ ಉತ್ಪಾದಕರು ಎನ್ನುವುದು ಉತ್ಪಾದನೆಗೆ ಸಂಬಂಧಪಟ್ಟ ಕೆಲಸದಲ್ಲಿ ತೊಡಗಿದವರನ್ನು, ಹೊಲ ಅವರ ಹೆಸರಲ್ಲೇ ಇರಬೇಕೆಂದಿಲ್ಲ. ಲಾವಣಿ (ಗೇಣಿ) ಹಾಕಿಕೊಂಡವರು, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಹೊರಗುಳಿಯಬೇಕಿಲ್ಲ. ಅವರಿಗೆ ಬೆಳೆಗಾರರೆಂಬ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟರೆ ಮುಂದೆ ಪ್ರಶ್ನೆ ಏಳುವುದಿಲ್ಲ.

ಕಚೇರಿ ವಿಳಾಸಕ್ಕೆ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಎರಡು ತಿಂಗಳೊಳಗಿನ ಹೆಸ್ಕಾಂ ವಿದ್ಯುತ್ ಬಿಲ್ ಬೇಕು. ಬಿಲ್ ಅಜ್ಜನ ಹೆಸರಲ್ಲಿದ್ದು ಒಪ್ಪಿಗೆ ಪತ್ರಕ್ಕೆ ಮೊಮ್ಮಗ ಸಹಿ ಹಾಕಿದರೆ ಅರ್ಜಿ ತಿರುಗಿ ಬರುತ್ತದೆ.

ಐಎನ್‌ಸಿ-20ಎಗೆ ನೋಂದಣಿಯಿಂದ 180 ದಿನ ಇವೆ, ತಪ್ಪಿದರೆ ಕಂಪನಿಗೆ 50,000 ರೂ. ದಂಡ. ಸಹಿ ಹಾಕಿದ ಹತ್ತೂ ಮಂದಿ ತಮ್ಮ ಷೇರು ಹಣವನ್ನು ತಮ್ಮ ತಮ್ಮ ಖಾತೆಯಿಂದಲೇ ಕಳಿಸಿದ್ದಾರೆ. ಒಬ್ಬರೇ ಎಲ್ಲರ ಪರವಾಗಿ ನಗದು ಕಟ್ಟಿದರೆ ಯಾರ ಹಣ ಯಾವುದೆಂದು ಬ್ಯಾಂಕ್ ಹಾಳೆಯಲ್ಲಿ ತೋರಿಸಲಾಗದು.

ಸರ್ಕಾರದ ನೆರವಿನ ಲೆಕ್ಕವೂ ಷೇರಿನ ಮೇಲೇ ನಿಂತಿದೆ. 2020ರಲ್ಲಿ ಶುರುವಾದ 10,000 ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಯೋಜನೆಯಲ್ಲಿ ಬಯಲುಸೀಮೆಗೆ ಕನಿಷ್ಠ 300 ರೈತರು. ಮೂರು ವರ್ಷಕ್ಕೆ ನಿರ್ವಹಣೆಗೆಂದು 18 ಲಕ್ಷ ರೂ.ವರೆಗೆ, ರೈತರು ಹಾಕಿದ ಷೇರಿಗೆ ಸಮನಾದ ಅನುದಾನ, ತಲಾ 2,000 ರೂ. ಮಿತಿ, ಕಂಪನಿಗೆ 15 ಲಕ್ಷ. 300 ಮಂದಿ ಪೂರ್ತಿ ಹಾಕಿದರೂ 6 ಲಕ್ಷ; 15 ಲಕ್ಷ ಮುಟ್ಟಲು 750 ಮಂದಿ ಬೇಕು. ‘ಸದಸ್ಯತ್ವ ಶುಲ್ಕ’ ಎಂದು ರಸೀದಿ ಹರಿದರೆ ಆ ದುಡ್ಡು ಷೇರಾಗುವುದಿಲ್ಲ, ಅನುದಾನದ ಲೆಕ್ಕಕ್ಕೂ ಬಾರದು. ಷೇರು ಹಂಚಿಕೆಯ ವಿವರ ಕೊಡುವ ಪಿಎಎಸ್-3 ನಮೂನೆ ಸಲ್ಲಿಸಲೇಬೇಕು.

ಇಂಡಿ ಲಿಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ನಿಜ, ಆದರೆ ಕಂಪನಿ ನೋಂದಾಯಿಸಿದ ಮಾತ್ರಕ್ಕೆ ಆ ಗುರುತನ್ನು ಚೀಲದ ಮೇಲೆ ಹಾಕುವಂತಿಲ್ಲ. ಅಧಿಕೃತ ಬಳಕೆದಾರರ ನೋಂದಣಿ ಬೇರೆಯೇ ಆಗಬೇಕು. ಆ ಅರ್ಜಿಗೆ ಇನ್ನೂ ಕೈ ಹಚ್ಚಿಲ್ಲ.

ಈಗ ತಲೆನೋವು ವಾರ್ಷಿಕ ಸಭೆಯದ್ದು. ಬೇರೆ ಕಂಪನಿಗಳಿಗೆ ಮೊದಲ ಸಭೆಗೆ ಮೊದಲ ಆರ್ಥಿಕ ವರ್ಷ ಮುಗಿದು ಒಂಬತ್ತು ತಿಂಗಳವರೆಗೆ ಸಮಯ. ಉತ್ಪಾದಕರ ಕಂಪನಿಗೆ ನೋಂದಣಿಯಿಂದ 90 ದಿನ. ನಿರ್ದೇಶಕರ ಚುನಾವಣೆಗೂ ಅದೇ ಗಡುವು. ನೋಟಿಸ್ 14 ದಿನ ಮುಂಚೆ ಹೋಗಬೇಕು, ಅಂದರೆ 75ನೇ ದಿನದೊಳಗೆ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು. ಹತ್ತೇ ಮಂದಿ ಇರುವಾಗ ಮೂವರು ಕೂತರೆ ಸಭೆ ಆಗುತ್ತದೆ, 300 ಸೇರಿಸಿಕೊಂಡ ಮೇಲೆ 75 ಮಂದಿ ಬರಬೇಕು. ಹತ್ತರಲ್ಲೇ ಮುಗಿಸುವುದು ಸುಲಭ, ಆದರೆ ಆಮೇಲೆ ಬಂದವರು ‘ನಿರ್ದೇಶಕರನ್ನು ಆರಿಸಿದವರು ಯಾರು’ ಎಂದು ಕೇಳದೆ ಬಿಡರು. ಸದ್ಯಕ್ಕೆ 100 ಮಂದಿಯ ಷೇರು ಹಂಚಿ, 80ನೇ ದಿನದ ಸುಮಾರಿಗೆ ಸಭೆ ಇಡುವ ಲೆಕ್ಕವಿದೆ. ಲಿಂಬೆ ಹರಾಜಿನ ದಿನ ಬಿಟ್ಟು. ಆ ದಿನ ಕರೆದರೆ ಕುರ್ಚಿಗಳಷ್ಟೇ ಇರುತ್ತವೆ.