ಇಲ್ಲ, ಗೈಸೆರಿಕ್ ರೋಮ್ ಸುಡಲಿಲ್ಲ

ಇಲ್ಲ. ಸುಡಲಿಲ್ಲ. ಅವನು ಅಟ್ಟಿಲಾ ಅಲ್ಲ, ಹೂಣನೂ ಅಲ್ಲ. ವ್ಯಾಂಡಲರು ಅನ್ನೋ ಜರ್ಮಾನಿಕ್ ಬುಡಕಟ್ಟಿನ ರಾಜ, 428ರಿಂದ 477ರವರೆಗೆ ಆಳಿದವನು. ಪಿಟೀಲು ಬಾರಿಸಿದವನಂತೂ ಅಲ್ಲವೇ ಅಲ್ಲ. ಆ ಕಥೆ ರೋಮಿನ ಹಳೇ ಚಕ್ರವರ್ತಿ ನೀರೋದು, ಅವನ ಕಾಲದಲ್ಲಿ ಪಿಟೀಲೂ ಇರಲಿಲ್ಲ.

ನಾನು ವ್ಯಾಂಡಲರ ಬಗ್ಗೆ ಓದುತ್ತೇನೆ ಅಂತ ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ರೋಮ್ ಸುಟ್ಟನಲ್ಲ ನಿಮ್ಮ ರಾಜ, ಅವನ ಕಥೆ ಎರಡು ಮಾತಲ್ಲಿ ಹೇಳಿ" ಅಂದರು. ನನ್ನ ರಾಜನಂತೆ! ಅವನೇನು ನನ್ನ ಸೋದರಮಾವನಾ? ಎರಡೇ ಮಾತಲ್ಲಿ ಬೇಕಂತೆ ಬೇರೆ.

ಸರಿ, ಕೇಳಿ. 429ರಲ್ಲಿ ತನ್ನ ಜನರನ್ನೆಲ್ಲ ಸ್ಪೇನಿನಿಂದ ಆಫ್ರಿಕಕ್ಕೆ ದಾಟಿಸಿದ. 439ರಲ್ಲಿ ಅಲ್ಲಿನ ಉತ್ತರ ಕರಾವಳಿಯ ದೊಡ್ಡ ಪಟ್ಟಣ ಕಾರ್ತೇಜ್ ಹಿಡಿದ. ರೋಮಿಗೆ ಗೋಧಿ ಬರುತ್ತಿದ್ದದ್ದು ಆ ಕಡೆಯಿಂದಲೇ. 455ರಲ್ಲಿ ರೋಮಿಗೇ ಹಡಗು ತಂದ. ಬೆಂಕಿ ಬೇಡ, ಕೊಲೆ ಬೇಡ ಅಂತ ಪೋಪ್ ಲಿಯೋ ಎದುರು ಬಂದು ಬೇಡಿಕೊಂಡರು. ಹೂಂ ಅಂದ. ಆಮೇಲೆ 14 ದಿನ ಸಾವಕಾಶವಾಗಿ ದೋಚಿದ. ಜುಪಿಟರ್ ಗುಡಿಯ ಚಾವಣಿಯಲ್ಲಿ ಚಿನ್ನದ ಲೇಪದ ಕಂಚಿನ ಹಂಚುಗಳಿದ್ದವು. ಅರ್ಧ ಚಾವಣಿ ಕಿತ್ತು ಹಡಗಿಗೆ ಹೇರಿಸಿದ. ಬೆಂಕಿ ಇಡುವವನಿಗೆ ಇಷ್ಟು ತಾಳ್ಮೆ ಇರುತ್ತಾ?

ಅವನ ಪರ ವಕಾಲತ್ತು ಮಾಡುತ್ತಿಲ್ಲ, ಹಾಗೂ ಅನ್ನುವವರಿದ್ದಾರೆ. ಹಂಚಿನ ಜೊತೆ ಜನರನ್ನೂ ಹೊತ್ತೊಯ್ದ. ಕಾರ್ತೇಜಿನಲ್ಲಿ ಗಂಡ ಒಬ್ಬರ ಪಾಲು, ಹೆಂಡತಿ ಇನ್ನೊಬ್ಬರ ಪಾಲು. ಅಲ್ಲಿನ ಬಿಷಪ್ ದೇವೊಗ್ರಾತಿಯಾಸ್ ಚರ್ಚಿನ ಚಿನ್ನ-ಬೆಳ್ಳಿ ಪಾತ್ರೆಗಳನ್ನು ಮಾರಿ ಸೆರೆಯವರನ್ನು ಬಿಡಿಸಿದರು. ಎರಡು ಚರ್ಚುಗಳಲ್ಲಿ ಹುಲ್ಲು ಹಾಸಿ ಮಲಗಿಸಿ, ರಾತ್ರಿಯೂ ಓಡಾಡಿ ನೋಡಿಕೊಂಡರು.

ಬೆಂಕಿ ವಿಷಯ ಬಿಟ್ಟು ಯಾರಾದರೂ ಅವನ ಸೊಸೆಯರ ಬಗ್ಗೆ ಕೇಳಬಾರದಾ? ಮಗ ಹ್ಯೂನೆರಿಕ್‌ನ ಮೊದಲ ಹೆಂಡತಿ ವಿಸಿಗೋತ್ ಅನ್ನೋ ಇನ್ನೊಂದು ಜರ್ಮಾನಿಕ್ ಬುಡಕಟ್ಟಿನ ದೊರೆ ಥಿಯೊಡೊರಿಕ್‌ನ ಮಗಳು. ವಿಷ ಹಾಕಲು ನೋಡಿದಳು ಅಂತ ಅನುಮಾನ ಬಂತಂತೆ. ಮಾವ ಅವಳ ಮೂಗು, ಕಿವಿ ಕೊಯ್ಯಿಸಿ ತವರಿಗೆ ಕಳಿಸಿದ. ಅವಳ ಹೆಸರನ್ನೂ ಯಾರೂ ಬರೆದಿಡಲಿಲ್ಲ. ಅನುಮಾನ ಬಂದ ಹೊತ್ತು ನೋಡಿ, ಎಷ್ಟು ಅನುಕೂಲವಾಗಿದೆ: ಸ್ವಲ್ಪದರಲ್ಲೇ ಹ್ಯೂನೆರಿಕ್‌ಗೆ ರೋಮಿನ ಚಕ್ರವರ್ತಿ ವ್ಯಾಲೆಂಟಿನಿಯನ್‌ನ ಮಗಳು ಯುಡೋಕಿಯಾ ಜೊತೆ ಸಂಬಂಧ ಕುದುರಿತು. ಹುಡುಗಿ ಇನ್ನೂ ಮಗು.

455ರಲ್ಲಿ ವ್ಯಾಲೆಂಟಿನಿಯನ್‌ನ ಕೊಲೆಯಾಯಿತು. ಹೊಸ ಚಕ್ರವರ್ತಿ ಪೆಟ್ರೋನಿಯಸ್ ಮ್ಯಾಕ್ಸಿಮಸ್ ಯುಡೋಕಿಯಾಳನ್ನು ತನ್ನ ಮಗನಿಗೆ ಕಟ್ಟಿದ. ಗೈಸೆರಿಕ್ ಹಡಗು ಹತ್ತಿದ್ದು ಆಗಲೇ. ಅಂದರೆ ನೀವೆಲ್ಲ ಕೇಳುವ ಆ ದಾಳಿ ಒಂದು ಲೆಕ್ಕದಲ್ಲಿ ಗಂಡಿನ ಕಡೆಯವರ ದಿಬ್ಬಣ. ಹುಡುಗಿ, ಅವಳ ತಾಯಿ, ತಂಗಿ ಮೂವರನ್ನೂ ಕರೆದೊಯ್ದ. ಹೋಗ್ತೀರಾ ಅಂತ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಯುಡೋಕಿಯಾಳ ಮಗ ಹಿಲ್ಡೆರಿಕ್ 523ರಲ್ಲಿ ವ್ಯಾಂಡಲರ ರಾಜನಾದ. 530ರಲ್ಲಿ ದಾಯಾದಿ ಗೆಲಿಮರ್ ಅವನನ್ನು ಇಳಿಸಿ ಸೆರೆಗೆ ಹಾಕಿದ. ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಪೂರ್ವ ರೋಮಿನ ಚಕ್ರವರ್ತಿ ಜಸ್ಟಿನಿಯನ್‌ಗೆ ಅಷ್ಟು ನೆಪ ಸಾಕಾಯಿತು. 533ರಲ್ಲಿ ಸೇನಾಪತಿ ಬೆಲಿಸಾರಿಯಸ್‌ನನ್ನು ಕಳಿಸಿದ. ಮರುವರ್ಷ ವ್ಯಾಂಡಲ್ ರಾಜ್ಯವೇ ಇರಲಿಲ್ಲ.